ಯಮಳತಾರೆಗಳಲ್ಲಿ ಕ್ಷ-ಕಿರಣ ಸ್ಪಂದನ

ಮೇ ತಿಂಗಳ ಕೊನೆಯ ನಡುರಾತ್ರಿಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಆಕಾಶವನ್ನು ನೋಡುವವರಿಗೆ ನೆತ್ತಿಯಿಂದ ತುಸು ಉತ್ತರಕ್ಕೆ ಹರ್ಕ್ಯುಲಿಸ್ ಪುಂಜವು ಕಾಣುತ್ತದೆ. ಅಲ್ಲಿರುವ ಹರ್ಕ್ಯುಲಿಸ್ ಎಕ್ಸ್-1 ಎಂಬ ಮೂಲವು 1.24 ಸೆಕೆಂಡಿಗೊಮ್ಮೆ ಕ್ಷ-ಕಿರಣಗಳಲ್ಲಿ ಮಿಡಿಯುತ್ತದೆ. ಆದರೆ ವಾಯುಮಂಡಲವು ಈ ಕಿರಣಗಳನ್ನು ಹೀರಿಕೊಳ್ಳುವುದರಿಂದ ನೆಲದ ಮೇಲಿನ ಯಾವ ಉಪಕರಣಕ್ಕೂ ಅವು ದೊರೆಯುವುದಿಲ್ಲ. 1970ರ ಡಿಸೆಂಬರ್ 12ರಂದು ಕೆನ್ಯಾದ ಕರಾವಳಿಯಿಂದ ಮೇಲೇರಿದ ಉಹುರು ಉಪಗ್ರಹವು ಇಂತಹ ಸ್ಪಂದನಗಳನ್ನು ಮೊದಲು ತೋರಿಸಿಕೊಟ್ಟಿತು. ಸೆಂಟಾರಸ್ ಎಕ್ಸ್-3 ಎಂಬ ಮೂಲವು 4.84 ಸೆಕೆಂಡಿಗೊಮ್ಮೆ ಮಿಡಿಯುವುದು 1971ರಲ್ಲಿ ತಿಳಿದುಬಂದಿತು.

ಈ ಸ್ಪಂದನಕ್ಕೆ ಬೇಕಾದ ಶಕ್ತಿಯು ಎಲ್ಲಿಂದ ಬರುತ್ತದೆ? ಪರಸ್ಪರ ಪರಿಭ್ರಮಿಸುವ ಎರಡು ತಾರೆಗಳಲ್ಲಿ ಒಂದು ಸಾಮಾನ್ಯ ನಕ್ಷತ್ರ. ಇನ್ನೊಂದು ನ್ಯೂಟ್ರಾನ್ ನಕ್ಷತ್ರ. ಎರಡನೆಯದರ ತ್ರಿಜ್ಯ ಸುಮಾರು 12 ಕಿಲೋಮೀಟರು ಮಾತ್ರ. ದ್ರವ್ಯರಾಶಿಯಾದರೋ ಸೂರ್ಯನದಕ್ಕಿಂತ ಹೆಚ್ಚು. ಸಂಗಾತಿಯಿಂದ ಹೊರಬಿದ್ದ ಅನಿಲವು ಅದರತ್ತ ಬೀಳುತ್ತದೆ. ಆಲಮಟ್ಟಿಯಲ್ಲಿ ಎತ್ತರದಿಂದ ಬೀಳುವ ನೀರು ವಿದ್ಯುತ್ತನ್ನು ಕೊಡುವಂತೆ ಇಲ್ಲಿಯೂ ಪತನವೇ ಶಕ್ತಿಯ ಮೂಲ. ಆದರೆ ಇಲ್ಲಿನ ಗುರುತ್ವವು ಎಷ್ಟು ಪ್ರಬಲವೆಂದರೆ, ಬೀಳುವ ಪ್ರತಿಯೊಂದು ಗ್ರಾಂ ಅನಿಲವೂ, ಅಷ್ಟೇ ಜಲಜನಕದ ಪರಮಾಣು ಸಂಲಯನದಿಂದ ದೊರೆಯುವುದಕ್ಕಿಂತ ಹತ್ತು ಪಟ್ಟಿಗೂ ಮಿಗಿಲಾದ ಶಕ್ತಿಯನ್ನು ಬಿಡುಗಡೆ ಮಾಡುತ್ತದೆ.

ಭೂಮಿಯ ಕಾಂತಕ್ಷೇತ್ರವು ಸುಮಾರು ಅರ್ಧ ಗೌಸ್. ಇಂತಹ ನ್ಯೂಟ್ರಾನ್ ನಕ್ಷತ್ರದ ಕಾಂತಕ್ಷೇತ್ರವು ಒಂದು ಲಕ್ಷ ಕೋಟಿ ಗೌಸ್‌ಗಳ ಪ್ರಮಾಣದ್ದು. ಆದುದರಿಂದ ಅನಿಲವು ಎಲ್ಲೆಡೆ ಸಮನಾಗಿ ಬೀಳದೆ ಕಾಂತಧ್ರುವಗಳತ್ತ ಹರಿದು, ಅಲ್ಲಿ ಕೋಟ್ಯಂತರ ಡಿಗ್ರಿ ಉಷ್ಣತೆಗೇರಿ ಕ್ಷ-ಕಿರಣಗಳನ್ನು ಸೂಸುತ್ತದೆ. ಕಾಂತಾಕ್ಷವೂ ಭ್ರಮಣಾಕ್ಷವೂ ಒಂದೇ ಆಗಿರದ ಕಾರಣ, ನಕ್ಷತ್ರವು ತಿರುಗಿದಂತೆ ಈ ಕಿರಣಪುಂಜವು ದೀಪಸ್ತಂಭದ ಬೆಳಕಿನಂತೆ ನಮ್ಮತ್ತ ಹಾದುಹೋಗುತ್ತದೆ. ರೇಡಿಯೋ ಸ್ಪಂದತಾರೆಗಳು ತಮ್ಮ ಭ್ರಮಣಶಕ್ತಿಯನ್ನೇ ವ್ಯಯಿಸಿ ನಿಧಾನವಾಗುತ್ತವೆ. ಹರ್ಕ್ಯುಲಿಸ್ ಎಕ್ಸ್-1, ಸೆಂಟಾರಸ್ ಎಕ್ಸ್-3ಗಳಾದರೋ ದೀರ್ಘಕಾಲದ ಸರಾಸರಿಯಲ್ಲಿ ವೇಗವನ್ನು ಪಡೆಯುತ್ತಿರುವುದು ಕಂಡುಬಂದಿದೆ. ಕುಂಬಾರನು ಕೋಲಿನಿಂದ ತಿಗರಿಯನ್ನು ತಿರುವುವಂತೆ, ಸುತ್ತಿ ಬೀಳುವ ಅನಿಲವು ನಕ್ಷತ್ರಕ್ಕೆ ಕೋನೀಯ ಸಂವೇಗವನ್ನು ಕೊಡುತ್ತದೆ. ಪತನವೇ ಶಕ್ತಿಯ ಮೂಲವೆಂಬುದಕ್ಕೆ ಇದು ಬಲವಾದ ಸಾಕ್ಷ್ಯ.

ಇನ್ನು ಮಿಡಿತಗಳ ವೇಳೆಯಿಂದ ತಾರೆಯನ್ನು ತೂಗುವ ಬಗೆಯನ್ನು ಪರಿಶೀಲಿಸೋಣ. ಸೆಂಟಾರಸ್ ಎಕ್ಸ್-3ರ ಮಿಡಿತಗಳು 2.087 ದಿನಗಳ ಆವರ್ತದಲ್ಲಿ ಒಮ್ಮೆ ಸುಮಾರು 39.7 ಸೆಕೆಂಡು ಮುಂಚಿತವಾಗಿಯೂ ಒಮ್ಮೆ ಅಷ್ಟೇ ತಡವಾಗಿಯೂ ಬರುತ್ತವೆ. ಅಂದರೆ ಮೂಲವು ಪ್ರದಕ್ಷಿಣಾಪಥದಲ್ಲಿ ನಮ್ಮತ್ತ ಬಂದು ಹಿಂದೆ ಸರಿಯುತ್ತದೆ. ಈ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿದರೆ ಪಥದ ತ್ರಿಜ್ಯ ಸುಮಾರು 1.19 ಕೋಟಿ ಕಿಲೋಮೀಟರು. ವೇಗ ಸೆಕೆಂಡಿಗೆ ಸುಮಾರು 415 ಕಿಲೋಮೀಟರು. ಕೆಪ್ಲರನ ನಿಯಮವನ್ನು ಅನ್ವಯಿಸಿದರೆ ಸಂಗಾತಿಯು ಸೂರ್ಯನ 15 ಪಟ್ಟಿಗಿಂತ ಕಡಿಮೆಯಿರಲಾರದೆಂದು ಸಿದ್ಧವಾಗುತ್ತದೆ. ಪ್ರತಿ ಆವರ್ತದಲ್ಲಿಯೂ ಸುಮಾರು ಅರ್ಧ ದಿನ ಕಿರಣಗಳು ಮರೆಯಾಗುವುದು, ಸಂಗಾತಿಯು ಅಡ್ಡಬರುವ ಗ್ರಹಣವೇ ಆಗಿದೆ.

ಈ ಶೋಧನೆಯಲ್ಲಿ ಕರ್ನಾಟಕಕ್ಕೂ ಪಾಲುಂಟು. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿತವಾಗಿ 1975ರ ಏಪ್ರಿಲ್ 19ರಂದು ಉಡಾವಣೆಗೊಂಡ ಆರ್ಯಭಟದಲ್ಲಿಯೇ ಕ್ಷ-ಕಿರಣ ಖಗೋಳದ ಉಪಕರಣವಿದ್ದಿತು. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಡಾವಣೆಯಾಯಿತು. ಆದರೂ ಮುಖ್ಯವಾದೊಂದು ಪ್ರಶ್ನೆ ಉಳಿದಿದೆ: ಧ್ರುವದಿಂದ ಕಿರಣಗಳು ಹೊರಡುವ ಬಗೆ ಯಾವುದು? ಹರ್ಕ್ಯುಲಿಸ್ ಎಕ್ಸ್-1ರ ಕಿರಣಗಳು ಬಹುಮಟ್ಟಿಗೆ ಧ್ರುವೀಕೃತವಾಗಿರಬೇಕೆಂದು ಸಿದ್ಧಾಂತವು ಹೇಳಿದ್ದಿತು. 2022ರಲ್ಲಿ ಐಎಕ್ಸ್‌ಪಿಇ ಉಪಗ್ರಹವು ಅಳೆದಾಗ ಸರಾಸರಿ ಧ್ರುವೀಕರಣವು ಶೇಕಡಾ 10ನ್ನೂ ಮುಟ್ಟಲಿಲ್ಲ. ಇನ್ನೂ ಹೆಚ್ಚಿನ ಶಕ್ತಿಯ, ಎಂದರೆ 8ರಿಂದ 30 ಕಿಲೋ ಎಲೆಕ್ಟ್ರಾನ್-ವೋಲ್ಟಿನ ಕಿರಣಗಳ ಧ್ರುವೀಕರಣವನ್ನು ಅಳೆಯಲೆಂದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯು ಪೋಲಿಕ್ಸ್ ಉಪಕರಣವನ್ನು ರಚಿಸಿತು; ಅದು 2024ರ ಜನವರಿ 1ರಂದು ಎಕ್ಸ್‌ಪೋಸ್ಯಾಟ್‌ನಲ್ಲಿ ಕಕ್ಷೆಯನ್ನು ಸೇರಿತು.

ಆಸ್ಟ್ರೋಸ್ಯಾಟ್ ಕಳುಹಿಸಿದ ಅಂಕಿ-ಅಂಶಗಳ ಭಂಡಾರವು ಬೆಂಗಳೂರಿನ ಬಳಿಯ ಬ್ಯಾಲಾಳು ಕೇಂದ್ರದಲ್ಲಿದೆ. ಅದು ಸಾರ್ವಜನಿಕರಿಗೂ ತೆರೆದಿದೆ. ಮೇಲೆ ಮಾಡಿದ ಗಣನೆಗೆ ಬೇಕಾದುದು ಪದವಿ ತರಗತಿಯ ಗಣಿತ ಮತ್ತು ಒಂದು ಗಣಕಯಂತ್ರ ಮಾತ್ರ. ದೂರದರ್ಶಕವಿಲ್ಲದ ತಾಲ್ಲೂಕಿನ ಕಾಲೇಜೂ ನಕ್ಷತ್ರವೊಂದರ ಪಥವನ್ನು ತಾನೇ ಗುಣಿಸಿ ಕಂಡುಕೊಳ್ಳಬಹುದು.