ಎಲ್ಲ ಮರೆವೂ ವಯಸ್ಸಿನದಲ್ಲ

ಮೊನ್ನೆ ಅಂಗಡಿಗೆ ಹಳೆಯ ಗಿರಾಕಿಯೊಬ್ಬರು ಬಂದರು. ಮುಖ ಗೊತ್ತು, ಊರು ಗೊತ್ತು, ಉದ್ರಿ ಲೆಕ್ಕವೂ ಗೊತ್ತು. ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಅವರು ಹೋದ ಮೇಲೆ ತಾನಾಗಿಯೇ ನೆನಪಾಯಿತು. ಅಂದರೆ ಹೆಸರು ಅಳಿಸಿರಲಿಲ್ಲ, ಹುಡುಕಿದಾಗ ಸಿಗಲಿಲ್ಲ ಅಷ್ಟೆ. ನಮ್ಮ ವಯಸ್ಸಿನಲ್ಲಿ ಇದು ಸಾಮಾನ್ಯ.

ಮರೆಯುವುದು ಎಲ್ಲರಿಗೂ ಇದ್ದದ್ದೇ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬವರು ಅರ್ಥವಿಲ್ಲದ ಅಕ್ಷರಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಉಳಿಯಿತೆಂದು ಲೆಕ್ಕವಿಟ್ಟು 1885ರಲ್ಲಿ ಪ್ರಕಟಿಸಿದರು. ಮರುದಿನಕ್ಕೆ ಉಳಿದದ್ದು 100ರಲ್ಲಿ ಸುಮಾರು 34, ತಿಂಗಳಿಗೆ 21. ನಷ್ಟವೆಲ್ಲ ಹೆಚ್ಚಾಗಿ ಮೊದಲ ದಿನವೇ. ದಿನವೂ ಹೇಳುವ ಣಮೋಕಾರ ಮಂತ್ರ ಮರೆಯುವುದಿಲ್ಲ, ಒಮ್ಮೆ ಕೇಳಿದ ಫೋನ್ ನಂಬರ್ ನಿಲ್ಲುವುದಿಲ್ಲ.

ಆದರೆ ನಮ್ಮ ಅಣ್ಣನವರದು ಬೇರೆ. ಬರೆದ ಬಿಲ್ಲನ್ನೇ ಮತ್ತೆ ಬರೆಯುತ್ತಿದ್ದರು, ಒಂದೇ ಮಾತನ್ನು ನಾಲ್ಕು ಸಲ ಕೇಳುತ್ತಿದ್ದರು, ಕಾಲು ಜೋಮು ಎನ್ನುತ್ತಿದ್ದರು. ವಯಸ್ಸಾಯಿತು ಎಂದು ಒಂದು ವರ್ಷ ಸುಮ್ಮನಿದ್ದೆವು, ಅದು ನಮ್ಮ ತಪ್ಪು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಬಿ12 ತೀರಾ ಕಡಿಮೆ ಇತ್ತು.

ನರಗಳಿಗೆ ಬೇಕಾದ ಈ ವಿಟಮಿನ್ ಕಾಳು, ತರಕಾರಿಗಳಲ್ಲಿ ಇಲ್ಲ. ನಮ್ಮಂಥ ಶಾಕಾಹಾರಿಗಳಿಗೆ ಮುಖ್ಯವಾಗಿ ಹಾಲು, ಮೊಸರಿನಿಂದಲೇ ಸಿಗಬೇಕು. ವಯಸ್ಸಾದಂತೆ ಅದನ್ನು ಮೈ ಹೀರಿಕೊಳ್ಳುವುದೂ ಕಡಿಮೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹಳ ವರ್ಷ ನುಂಗಿದವರಿಗೂ ಕೊರತೆ ಬರಬಹುದು. ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ. ಎಲ್ಲ ಮರೆವೂ ಇಂಜೆಕ್ಷನ್‌ನಿಂದ ಹೋಗುವುದಿಲ್ಲ. ತಡವಾದರೆ ಪೂರ್ತಿ ಸರಿಹೋಗದೆಯೂ ಇರಬಹುದು. ವೈದ್ಯರನ್ನು ಕೇಳಿ ಪರೀಕ್ಷೆ ಮಾಡಿಸಿ.

ಅಣ್ಣನವರು ಈಗ ಮತ್ತೆ ಗಲ್ಲಾದ ಮೇಲೆ ಕೂರುತ್ತಾರೆ. ಬಿಲ್ ಮಾತ್ರ ನಾನು ಇನ್ನೊಮ್ಮೆ ನೋಡುತ್ತೇನೆ.