ದೊಡ್ಡ ಹೆಸರಿನ ಸಣ್ಣ ಬೈಕು

ಕಳೆದ ಭಾನುವಾರ ಬೆಳಿಗ್ಗೆ ವಿದ್ಯಾನಗರದ ನಮ್ಮ ಮನೆಗೆ ತಾಯಿ-ಮಗ ಬಂದರು. ಮಗ ನನ್ನ ಹಳೆಯ ವಿದ್ಯಾರ್ಥಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಇಲ್ಲಿನ ಸರಕಾರಿ ಐ.ಟಿ.ಐ.ಯಲ್ಲಿ ತರಬೇತಿ ಮುಗಿಸಿ, ಈಗ ಮಂಗಳೂರಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದಾನೆ. ತಿಂಗಳಿಗೆ 18,000 ರೂಪಾಯಿ ಸಂಬಳ. ತಾಯಿ ಬೀಡಿ ಕಟ್ಟಿ ಅವನನ್ನು ಓದಿಸಿದವರು.

“ಮಾಷ್ಟ್ರೇ, ಇವನಿಗೆ ನೀವೇ ಒಂದು ಮಾತು ಹೇಳಬೇಕು. ಬೈಕಿಗೆಂದು ನನ್ನ ಬಳೆ ಅಡವಿಡಬೇಕಂತೆ” ಎಂದರು ಆಕೆ.

“ಸಣ್ಣ ಬೈಕೇ ಮಾಷ್ಟ್ರೇ. ಆದರೆ ಕಂಪೆನಿ ದೊಡ್ಡದು” ಎಂದ ಹುಡುಗ.

ಆ ಒಂದು ಮಾತಿನಲ್ಲಿ ಇಂದಿನ ಮೋಟಾರು ಸೈಕಲ್ ವ್ಯಾಪಾರದ ಗುಟ್ಟೆಲ್ಲ ಇದೆ. ಹಾಗಾಗಿ ಅವನಿಗೆ ಹೇಳಿದ್ದನ್ನು ಓದುಗರಿಗೂ ಹೇಳೋಣವೆಂದು ಈ ಬರಹ.

ಆನೆ ಕುದುರೆಯಾದ ಬಗೆ

ಅಮೆರಿಕದ ಹಾರ್ಲೆ-ಡೇವಿಡ್ಸನ್, ಇಂಗ್ಲೆಂಡಿನ ಟ್ರಯಂಫ್, ಜರ್ಮನಿಯ ಬಿ.ಎಂ.ಡಬ್ಲ್ಯು. - ಇವು ಮೂರೂ ಭಾರೀ ಬೈಕುಗಳಿಗೆ ಹೆಸರಾದ ಕಂಪೆನಿಗಳು. ಇವುಗಳ ದೊಡ್ಡ ಗಾಡಿಗಳ ಬೆಲೆಯಲ್ಲಿ ನಮ್ಮಲ್ಲೊಂದು ಮನೆ ಕಟ್ಟಬಹುದು. ಹೊರದೇಶದಿಂದ ಇಡಿಯಾಗಿ ಬರುವ ಬೈಕಿನ ಮೇಲೆ ಸುಂಕವೂ ಭಾರೀ. 2018ರಲ್ಲಿ ಕೇಂದ್ರ ಸರಕಾರ ಅದನ್ನು ಇಳಿಸಿದಾಗಲೂ ಅದು ನಿಂತದ್ದು ಶೇಕಡಾ 50ರಲ್ಲಿ. ಭಾರತದಂತಹ ದೊಡ್ಡ ಪೇಟೆಯನ್ನು ಬಿಡಲು ಮನಸ್ಸಿಲ್ಲ. ತಮ್ಮ ಬೆಲೆಗೆ ಇಲ್ಲಿ ಗಿರಾಕಿಯೂ ಸಾಕಷ್ಟಿಲ್ಲ. ಆದ್ದರಿಂದ ಅವರು ಕಂಡುಕೊಂಡ ಉಪಾಯ: ಹೆಸರು ನಮ್ಮದು, ಕಾರ್ಖಾನೆ ನಿಮ್ಮದು.

ಮೊದಲು ಒಂದು ಕಂಪೆನಿ ಒಂಟಿಯಾಗಿಯೇ ಯತ್ನಿಸಿತ್ತು. ಹಾರ್ಲೆ 2011ರಲ್ಲಿ ಹರಿಯಾಣದ ಬಾವಲ್‌ನಲ್ಲಿ ತನ್ನದೇ ಘಟಕ ತೆರೆದು, ಮುಂದೆ ‘ಸ್ಟ್ರೀಟ್ 750’ ಎಂಬ ಬೈಕನ್ನು ಅಲ್ಲಿ ತಯಾರಿಸಿತು. ವ್ಯಾಪಾರ ಕೈಹಿಡಿಯಲಿಲ್ಲ. 2020ರಲ್ಲಿ ಆ ಘಟಕವನ್ನು ಮುಚ್ಚುವುದಾಗಿ ಸಾರಿ, ಹೀರೋ ಕಂಪೆನಿಯ ಕೈಹಿಡಿಯಿತು. ಅದರ ಫಲವೇ 2023ರ ಜುಲೈಯಲ್ಲಿ ಬಂದ ‘ಎಕ್ಸ್ 440’. ಒಂದೇ ಸಿಲಿಂಡರು, 440 ಸಿಸಿ, ಆರಂಭದ ಬೆಲೆ 2.29 ಲಕ್ಷ. ಅದೇ ವಾರ ಟ್ರಯಂಫ್ ಕಂಪೆನಿಯ ‘ಸ್ಪೀಡ್ 400’ ಕೂಡ 2.33 ಲಕ್ಷಕ್ಕೆ ಪೇಟೆಗೆ ಬಂತು. ಅದನ್ನು ತಯಾರಿಸುವವರು ಪುಣೆಯ ಬಳಿಯ ಚಾಕಣದ ಬಜಾಜ್‌ನವರು.

ಗಡಿಯೂರಿನ ಕೈಕೆಲಸ

ಇವರಿಬ್ಬರಿಗೂ ಮೊದಲು ಈ ದಾರಿ ಹಿಡಿದದ್ದು ಬಿ.ಎಂ.ಡಬ್ಲ್ಯು. 2013ರಲ್ಲಿ ಟಿ.ವಿ.ಎಸ್. ಜೊತೆ ಅದು ಒಪ್ಪಂದ ಮಾಡಿಕೊಂಡಿತು. 313 ಸಿಸಿಯ ‘ಜಿ 310 ಆರ್’ ಹೊಸೂರಿನ ಕಾರ್ಖಾನೆಯಲ್ಲಿ ತಯಾರಾಗಿ ಯುರೋಪಿಗೂ ಹೋಯಿತು. ಅದರ ಎಂಜಿನ್ನಿನಲ್ಲಿ ಒಂದು ಸ್ವಾರಸ್ಯವಿದೆ. ಸಾಮಾನ್ಯ ಬೈಕಿನಲ್ಲಿ ಗಾಳಿ ಹಿಂದಿನಿಂದ ಒಳಹೋಗಿ, ಹೊಗೆ ಮುಂದಿನಿಂದ ಹೊರಬರುತ್ತದೆ. ಇಲ್ಲಿ ಸಿಲಿಂಡರನ್ನು ಹಿಂದಕ್ಕೆ ಬಾಗಿಸಿ, ಅದರ ತಲೆಯನ್ನು ತಿರುಗಿಸಿ ಕೂರಿಸಿದ್ದಾರೆ. ಗಾಳಿ ಮುಂದಿನಿಂದ, ಹೊಗೆ ಹಿಂದಿನಿಂದ. ಇದೇ ಎಂಜಿನ್ನಿನ ಮೇಲೆ ಟಿ.ವಿ.ಎಸ್.ನವರು ತಮ್ಮದೇ ‘ಅಪಾಚೆ ಆರ್‌ಆರ್ 310’ ಬೈಕನ್ನು 2017ರಲ್ಲಿ ಹೊರತಂದರು.

ಹೊಸೂರು ತಮಿಳುನಾಡಿಗೆ ಸೇರಿದ ಗಡಿಯೂರು. ಅಲ್ಲಿಯೂ ನಮ್ಮಂತೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಇನ್ನೊಂದು ಭಾಷೆ ಎಂಬ ಬಾಳು ಬಾಳುವ ಕುಟುಂಬಗಳಿವೆ. ಜರ್ಮನ್ ಹೆಸರಿನ ಬೈಕು ಅಂಥ ಊರಿನಲ್ಲಿ ರೂಪುಗೊಂಡು ಹಡಗು ಹತ್ತಿತೆಂಬುದು ನಮ್ಮ ಮಕ್ಕಳು ತಿಳಿದಿರಬೇಕಾದ ಸಂಗತಿ.

ಹೊರದೇಶದ ಹೆಸರಿಗೆ ನಮ್ಮ ಕೈಕೆಲಸ ಕೂಡಿದ್ದು ಇದೇ ಮೊದಲೂ ಅಲ್ಲ. ಚೆಕೊಸ್ಲೊವಾಕಿಯದ ಜಾವಾ ಬೈಕನ್ನು 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿತು. 1973ರ ಹೊತ್ತಿಗೆ ಅದೇ ಯೆಜ್ಡಿಯಾಯಿತು. ನಾನು ಚಿಕ್ಕವನಿದ್ದಾಗ ಸೋದರಮಾವನ ಬಳಿ ಒಂದು ಯೆಜ್ಡಿ ಇತ್ತು. ಒದ್ದು ಸ್ಟಾರ್ಟ್ ಮಾಡುವ ಹಿಡಿಯನ್ನೇ ಮುಂದಕ್ಕೆ ಮಡಚಿದರೆ ಅದೇ ಗೇರು! ಮಾವನ ಗಾಡಿಯ ಸದ್ದು ತಿರುವಿನಾಚೆ ಕೇಳಿದೊಡನೆ ಅತ್ತೆ ಚಾಕ್ಕೆ ನೀರಿಡುತ್ತಿದ್ದರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅದರ ಮೇಲೂ ಮಾವನ ಗಾಡಿ ಬಹಳ ಕಾಲ ಓಡಿತು. ಕಾರಣ ಇಷ್ಟೆ: ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ನಮ್ಮೂರಿನಲ್ಲೇ ಇದ್ದ.

ಕಾಲಚಕ್ರವೂ ತಿರುಗಿದೆ. ಇಂಗ್ಲೆಂಡಿನ ಹಳೆಯ ಕಂಪೆನಿ ನಾರ್ಟನ್ ಅನ್ನು 2020ರಲ್ಲಿ ಸುಮಾರು 1.6 ಕೋಟಿ ಪೌಂಡಿಗೆ ಟಿ.ವಿ.ಎಸ್. ಕೊಂಡುಕೊಂಡಿತು. ಇಂಗ್ಲೆಂಡಿನಲ್ಲೇ ಹುಟ್ಟಿ ಅಲ್ಲಿ ಬಾಗಿಲು ಹಾಕಿದ ರಾಯಲ್ ಎನ್‌ಫೀಲ್ಡ್, ಮದರಾಸಿನಲ್ಲಿ ಬೇರೂರಿ ಬದುಕಿತು.

ಕಪ್ಪು ಹಲಗೆಯ ಲೆಕ್ಕ

ಇಷ್ಟು ಹೇಳಿದ ಮೇಲೆ ಹುಡುಗನ ಮುಖ ಅರಳಿತು. ಮಾಷ್ಟ್ರು ತನ್ನ ಕಡೆಯೇ ಎಂದುಕೊಂಡನೋ ಏನೋ! ನಾನು ಕಾಗದ, ಪೆನ್ನು ಅವನ ಕೈಗೆ ಕೊಟ್ಟೆ.

ಎರಡು ಲಕ್ಷ ಸಾಲ, ವರ್ಷಕ್ಕೆ ಶೇಕಡಾ 10 ಬಡ್ಡಿ, ಮೂರು ವರ್ಷದ ಕಂತು ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 6,450 ರೂಪಾಯಿ ಬೀಳುತ್ತದೆ. ಅಂದರೆ ಸಂಬಳದ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು. ಒಟ್ಟು ತೀರಿಸುವುದು 2.32 ಲಕ್ಷ. ರಸ್ತೆ ತೆರಿಗೆ, ವಿಮೆ, ಪೆಟ್ರೋಲು ಬೇರೆ. ಇದಲ್ಲದೆ 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕಿಗೆ ಜಿ.ಎಸ್.ಟಿ. ಶೇಕಡಾ 18 ಆಯಿತು. ಅದನ್ನು ದಾಟಿದ್ದಕ್ಕೆ 40. ‘ಸಣ್ಣದು’ ಎಂದು ಕಂಪೆನಿಯವರು ಕರೆಯುವ 398 ಸಿಸಿ, 440 ಸಿಸಿ ಬೈಕುಗಳು ಸರಕಾರದ ಲೆಕ್ಕದಲ್ಲಿ ದೊಡ್ಡವೇ.

ಇನ್ನೊಂದು ಮಾತು. ಹೆಸರು ದೊಡ್ಡದೆಂದ ಮಾತ್ರಕ್ಕೆ ಅದು ನಮ್ಮಲ್ಲಿ ನೆಲೆನಿಲ್ಲುತ್ತದೆಂದಿಲ್ಲ. ಹಾರ್ಲೆಯ ಬಾವಲ್ ಘಟಕ ಹತ್ತು ವರ್ಷ ತುಂಬುವ ಮೊದಲೇ ಮುಚ್ಚುವ ಹಾದಿ ಹಿಡಿಯಿತು. 2018ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ‘ಜಿ 310 ಆರ್’ ಬೈಕಿನ ಮಾರಾಟ ಇಲ್ಲಿ 2025ರಲ್ಲಿ ನಿಂತಿತು. ಆದ್ದರಿಂದ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ ‘ಎಷ್ಟು ವೇಗ?’ ಎಂಬುದಲ್ಲ, ‘ಕೆಟ್ಟರೆ ರಿಪೇರಿ ಎಲ್ಲಿ, ಬಿಡಿಭಾಗಕ್ಕೆ ಎಷ್ಟು ದಿನ?’ ಎಂಬುದು. ಒಂದು ಕೇಬಲ್ಲಿಗಾಗಿ ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರು ಹೋಗಬೇಕಾದರೆ ಆ ಬೈಕು ಅಗ್ಗವೆನ್ನುವುದು ಹೇಗೆ?

ಆಸೆ ತಪ್ಪಲ್ಲ. ಬೀಡಿ ಕಟ್ಟಿದ ಕೈಯ ಮಗ ಒಳ್ಳೆಯ ಬೈಕು ಹತ್ತಬಾರದೆಂದು ಹೇಳಲು ನಾನಾರು? ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು; ಅದರಲ್ಲೂ ಹಾಸಿಗೆ ಅಮ್ಮನದಾಗಿದ್ದರೆ ಇನ್ನಷ್ಟು ಜಾಗ್ರತೆ ಬೇಕು.

ಕೊನೆಗೆ ಅವನಿಗೊಂದು ಪ್ರಶ್ನೆ ಕೇಳಿದೆ: “ಆ ತಿರುಗಿಸಿ ಕೂರಿಸಿದ ಎಂಜಿನ್ನನ್ನು ನೀನು ಬಿಚ್ಚಿ ಜೋಡಿಸಬಲ್ಲೆಯಾ?” ಇಲ್ಲವೆಂದು ತಲೆಯಾಡಿಸಿದ. “ಅದನ್ನು ಕಲಿ. ಹೊಸೂರಿನಲ್ಲೂ ಮೈಸೂರಿನಲ್ಲೂ ಟಿ.ವಿ.ಎಸ್. ಕಾರ್ಖಾನೆಗಳಿವೆ. ಕಲಿತವನಿಗೆ ಆ ದೊಡ್ಡ ಹೆಸರು ಸಂಬಳ ಕೊಡುತ್ತದೆ, ಕೊಂಡವನಿಂದ ಕಂತು ವಸೂಲು ಮಾಡುತ್ತದೆ” ಎಂದೆ.

ಅವನು ಒಪ್ಪಿದನೋ ಇಲ್ಲವೋ ತಿಳಿಯದು. ಲೆಕ್ಕದ ಕಾಗದವನ್ನು ಮಾತ್ರ ಮಡಚಿ ಕಿಸೆಗೆ ಹಾಕಿಕೊಂಡ. ಗೇಟಿನ ಬಳಿ ತಾಯಿ ತಿರುಗಿ ನಿಂತು ಕೈಮುಗಿದರು. ಬಳೆಗಳು ಅಂದಿಗೆ ಕೈಯಲ್ಲೇ ಇದ್ದವು.