ಕಸ, ನಾಯಿ, ಚಿರತೆ

ಪ್ರಶ್ನೆ: ಬನ್ನೇರುಘಟ್ಟದ ಬಳಿಯ ನಮ್ಮ ಬಡಾವಣೆಯ ಕ್ಯಾಮೆರಾದಲ್ಲಿ ಚಿರತೆ ಕಂಡಿದೆ. ಕಾಡಲ್ಲಿ ಊಟ ಸಿಗದೆ ಬಂತೇ? ಹಿಡಿದು ದೂರ ಬಿಟ್ಟರಾಗದೇ?

ಉತ್ತರ: ಚಿರತೆಗೆ ದಟ್ಟ ಕಾಡೇ ಬೇಕೆಂದಿಲ್ಲ. ಬಂಡೆಗುಡ್ಡ, ಲಂಟಾನದ ಪೊದೆ, ಕಬ್ಬಿನ ಗದ್ದೆ ಸಾಕು. ಅದರ ನೆಲದ ಅಂಚಿಗೆ ಮನೆ ಕಟ್ಟಿಕೊಂಡವರು ನಾವು. ಖಾಲಿ ಸೈಟಿಗೆ ಸುರಿದ ಕಸಕ್ಕೆ ಬೀದಿನಾಯಿಗಳು ಸೇರುತ್ತವೆ, ನಾಯಿಗಳನ್ನು ಹುಡುಕಿಕೊಂಡು ಚಿರತೆ ಬರುತ್ತದೆ. ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಮಹಾರಾಷ್ಟ್ರದ ಅಕೋಲೆಯಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿದಾಗ, ತಿಂದ ಆಹಾರದ ತೂಕದಲ್ಲಿ ಶೇ. 39ರಷ್ಟು ನಾಯಿಯೇ ಇತ್ತು!

ಹಿಡಿದು ಬೇರೆಡೆ ಬಿಡುವುದು ನನಗೆ ಸರಿಕಾಣದು. ಅಪರಿಚಿತ ಜಾಗದಲ್ಲಿ ಅದು ದಿಕ್ಕೆಡುತ್ತದೆ, ಎಷ್ಟೋ ಸಲ ತನ್ನ ನೆಲಕ್ಕೇ ಹೊರಡುತ್ತದೆ. ಮಹಾರಾಷ್ಟ್ರದ್ದೇ ಆದ ಜುನ್ನರ್ ಸೀಮೆಯಲ್ಲಿ 2001ರಿಂದ ಹಾಗೆ ಸಾಗಿಸತೊಡಗಿದ ಮೇಲೆ ಮನುಷ್ಯರ ಮೇಲಿನ ದಾಳಿ ಹೆಚ್ಚಾಯಿತು.

ಬೆಳಿಗ್ಗೆ ಕಾಂಪೌಂಡಿನ ಒದ್ದೆ ಮಣ್ಣು ನೋಡಿ. ನಾಯಿಯ ಹೆಜ್ಜೆಯಲ್ಲಿ ಉಗುರಿನ ಚುಕ್ಕೆ ಮೂಡಿರುತ್ತದೆ. ಚಿರತೆ ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಸಾಮಾನ್ಯವಾಗಿ ದುಂಡನೆಯ ಗುರುತಷ್ಟೇ. ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ. ಕತ್ತಲಾದ ಮೇಲೆ ಮಕ್ಕಳನ್ನು ಒಬ್ಬರನ್ನೇ ಹೊರಗೆ ಬಿಡಬೇಡಿ. ಮೊದಲು ಆ ಸೈಟಿನ ಕಸ ತೆಗೆಸಿ.